ಸಾಲ ಕೊಟ್ಟವರಿಗೆ ಹೋಳಿಗೆ ಊಟ

ಮನುಷ್ಯನಾಗಿ ಹುಟ್ಟಿದವನು ಮೂರು ಋಣಗಳನ್ನು ಹೆಗಲ ಮೇಲೆ ಹೊತ್ತುಕೊಂಡೇ ಭೂಮಿಗೆ ಬರುತ್ತಾನೆ ಎಂದು ಬಲ್ಲವರು ಹೇಳುತ್ತಾರೆ: ದೇವಋಣ, ಋಷಿಋಣ, ಪಿತೃಋಣ. ಬಹಳ ಗಂಭೀರವಾದ ಮಾತು. ಆದರೆ ಈ ಮೂರು ಪಕ್ಷದವರಲ್ಲಿ ಒಬ್ಬರಾದರೂ ಬೆಳಗ್ಗೆ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಬೀಡಿ ಹಚ್ಚಿಕೊಂಡು, "ಏನ್ರೀ, ಅದಾರೇನು ಒಳಗ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ್ದುಂಟೇ? ಕಿರಾಣಿ ಋಣ, ಬಟ್ಟೆ ಋಣ, ಬಡ್ಡಿ ಋಣ ಎಂಬ ಇನ್ನು ಮೂರಿವೆ. ಶಾಸ್ತ್ರಕಾರರು ಇವನ್ನೇಕೆ ಬಿಟ್ಟರೋ! ಬಹುಶಃ ಅವರಿಗೆ ಉದ್ರಿ ಕೊಡುವವರು ಯಾರೂ ಇರಲಿಲ್ಲ.

ಈ ಎರಡನೆಯ ಜಾತಿಯ ಋಣಗಳೆಂದರೆ ನಮ್ಮ ಸೋದರತ್ತೆಗೆ, ಅಂದರೆ ನಮ್ಮಪ್ಪನ ತಂಗಿಗೆ, ಪ್ರಾಣ. ತಪ್ಪು ತಿಳಿಯಬೇಡಿ. ಆಕೆ ಯಾರ ಹತ್ತಿರವೂ ಸಾಲ ತಂದವಳಲ್ಲ. ಕೊಟ್ಟವಳಂತೂ ಅಲ್ಲವೇ ಅಲ್ಲ. ಅವಳಿಗೆ ಬೇಕಾದದ್ದು ಬೇರೆಯವರ ಸಾಲ! ದೇವದುರ್ಗದಲ್ಲಿ ಒಬ್ಬಳೇ ಇರುತ್ತಿದ್ದಳು. ಮದುವೆಗೆ ಕರೆದರೆ ತಲೆನೋವು, ಸೀಮಂತಕ್ಕೆ ಕರೆದರೆ ಮೊಣಕಾಲುನೋವು. ಎಲ್ಲೋ ಯಾರೋ ಸಾಲ ತೀರಿಸಲಾಗದೆ ಒದ್ದಾಡುತ್ತಿದ್ದಾರೆ ಎಂದು ಕಿವಿಗೆ ಬಿದ್ದರೆ ಸಾಕು, ಹಿತ್ತಾಳೆ ಚೊಂಬನ್ನು ಕಂಕುಳಲ್ಲಿಟ್ಟುಕೊಂಡು ಮೊದಲ ಬಸ್ಸಿಗೇ ಹಾಜರು. ಚೊಂಬು ಏಕೆಂದರೆ, ಪರಊರಿನ ನೀರನ್ನೂ ಪರಊರಿನ ನ್ಯಾಯವನ್ನೂ ಆಕೆ ನಂಬುತ್ತಿರಲಿಲ್ಲ.

ಜಾಲಹಳ್ಳಿಯಲ್ಲಿ ಒಬ್ಬಾತ ತನ್ನ ಸಾಲಕ್ಕೆ ಎಮ್ಮೆಯ ಬೆಳಗಿನ ಹಾಲನ್ನು ಬಿಟ್ಟುಕೊಟ್ಟಿದ್ದ. ಸಂಜೆಯ ಹಾಲು ತನ್ನ ಮಕ್ಕಳಿಗೆ. ಸ್ವಲ್ಪ ದಿನಕ್ಕೆ ಸಾಲ ಕೊಟ್ಟವನ ತಕರಾರು ಶುರುವಾಯಿತು: ಎಮ್ಮೆ ಬೆಳಗ್ಗೆ ಕಡಿಮೆ ಕೊಡುತ್ತದೆ, ಸಂಜೆ ಹೆಚ್ಚು ಕೊಡುತ್ತದೆ, ಇದರಲ್ಲಿ ಮೋಸವಿದೆ! ಪಂಚರು ಬಂದು ಎಮ್ಮೆಯನ್ನು ನೋಡಿದರು. ಎಮ್ಮೆ ಪಂಚರನ್ನು ನೋಡಿತು. ಆಮೇಲೆ ಅತ್ತೆ ಬಂದಳು.

"ಮುಂಜಾನಿ ಹಿಂಡಾಂವ ಯಾರು?"

"ನಾನೇ ಬಂದು ಹಿಂಡಿಕೊಂಡು ಹೋಗ್ತೀನ್ರಿ," ಅಂದ ಸಾಲ ಕೊಟ್ಟವ.

"ಸಂಜಿಗೆ?"

"ಅವನ ಹೆಂಡ್ತಿ."

"ಬಡ್ಡಿ ವಸೂಲಿ ಮಾಡಿದಂಗ ಹಿಂಡಿದ್ರ ಯಾವ ಎಮ್ಮಿ ಹಾಲು ಇಳಸ್ತದೋ ಯಪ್ಪಾ? ನಾಳಿಂದ ಅಕಿನೇ ಹಿಂಡಿ ನಿನ್ನ ಮನಿಗೆ ಮುಟ್ಟಸ್ತಾಳ, ನಡಿ."

ಮರುದಿನದಿಂದ ಎಮ್ಮೆಯ ತಾರತಮ್ಯ ನಿಂತಿತು. ಅತ್ತೆಯ ಕೀರ್ತಿ ಜಾಲಹಳ್ಳಿ ದಾಟಿತು.

ನನ್ನ ಸಾಲಕ್ಕೆ ಅಂಥ ಎಮ್ಮೆಯೂ ಇರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿನಲ್ಲಿ ಗುಮಾಸ್ತ. ಹತ್ತಿಯ ಸುಗ್ಗಿ ಮುಗಿದರೆ ಯಂತ್ರ ನಿಲ್ಲುತ್ತದೆ. ಯಂತ್ರ ನಿಂತರೆ ಪಗಾರ ಅರ್ಧ. ಹೊಟ್ಟೆ ಮಾತ್ರ ವರ್ಷವಿಡೀ ಪೂರ್ತಿ! ಅದೇ ವರ್ಷ ಮಗಳು ವಿಷಮಜ್ವರದಿಂದ ಮಲಗಿ ಎದ್ದಳು. ಕಿರಾಣಿ ಶೆಟ್ಟರ ಉದ್ರಿ ಬೆಳೆಯಿತು. ಬಟ್ಟೆ ಅಂಗಡಿಯ ಚಾಚಾನ ಬಾಕಿ ಹಳತಾಯಿತು. ಇವರಿಬ್ಬರ ಬಾಯಿ ಮುಚ್ಚಿಸಲು ಬಡ್ಡಿ ಸಾಹುಕಾರರಿಂದ ಸಾಲ ತಂದೆ. ಪರಿಣಾಮವಾಗಿ, ಮೊದಲು ಎರಡು ಬಾಯಿ ಇದ್ದದ್ದು ಮೂರಾಯಿತು.

ಬಂಧುಗಳ ಸಹಾಯ ಕೇಳಿದೆ. ಎಲ್ಲರೂ ಮಾಡಿದರು. ಒಬ್ಬರು ಬುದ್ಧಿಮಾತು ಕೊಟ್ಟರು. ಇನ್ನೊಬ್ಬರು ಕಟ್ಟು ಹಾಕಿದ ಲಕ್ಷ್ಮೀ ಫೋಟೋ ಕೊಟ್ಟರು. ಮತ್ತೊಬ್ಬರು ನಾನು ಬಾಯಿ ತೆರೆಯುವ ಮೊದಲೇ, "ಚಲೋ ಆತು ಬಂದಿ ನೋಡು, ನಾನೇ ನಿನ್ನ ಹಂತ್ಯಾಕ ಕೇಳಾಕ ಬರಾಂವಿದ್ದೆ!" ಅಂದರು.

ಮಾನ್ವಿಯಿಂದ ಮಾವನವರು, ಎಂದರೆ ನನ್ನ ಹೆಂಡತಿಯ ತಂದೆ, ಮೊಮ್ಮಗಳನ್ನು ನೋಡಲು ಬಂದ ದಿನವೇ ಸಾಹುಕಾರರ ಆಳು ನಮ್ಮ ಕಟ್ಟೆಯೇರಿ ಕೂತ. ಮಾವನವರು ಅಕ್ಕಿ ವ್ಯಾಪಾರದವರು, ಮರ್ಯಾದೆಯ ಮನುಷ್ಯ. ಆ ಆಳು ಕೂಗುವುದನ್ನೂ ನಾನು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತದ್ದನ್ನೂ ನೋಡಿದರು. ಸಂಜೆಯ ಬಸ್ಸಿಗೆ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೊರಟರು. "ನಿಮ್ಮ ಮನಿ ಬಾಗಲಿಗೆ ಮರ್ಯಾದಿ ಬಂದಮ್ಯಾಲ ಹೇಳಿ ಕಳಸ್ರಿ, ಆಮ್ಯಾಲ ಕಳಸ್ತೀನಿ," ಅಂದರು. ಹೆಂಡತಿ ಬಟ್ಟೆಗಂಟು ಎತ್ತಿಕೊಂಡು ಅವರ ಹಿಂದೆ ನಡೆದಳು. ಮಗಳು ಕಿಟಕಿಯಿಂದ ಕೈಬೀಸಿದಳು. ಅವಳಿಗೆ ಬಸ್ಸು ಹತ್ತಿದ್ದೇ ಸಂತೋಷ.

ಸಾಲದಲ್ಲಿದ್ದವನಿಗೆ ಊರು ದಿನೇ ದಿನೇ ಸಣ್ಣದಾಗುತ್ತದೆ. ಮೊದಲು ಶೆಟ್ಟರ ಓಣಿ ಮುಚ್ಚಿತು, ಆಮೇಲೆ ಚಾಚಾನ ಬಜಾರು, ಕೊನೆಗೆ ಊರ ನಡುವಿನ ತೀನ್ ಕಂದೀಲ್ ಚೌಕದ ಕಡೆಗೇ ಹೋಗದಂತಾಯಿತು. ರಾಯಚೂರಿನ ಸಂದಿಗೊಂದಿಗಳನ್ನೆಲ್ಲ ಅರಿತ ಪಂಡಿತನೊಬ್ಬನಿದ್ದರೆ ಆ ವರ್ಷ ಅದು ನಾನೇ. ಗೆಳೆಯರು ನಾನು ಕೈಗಡ ಕೇಳುತ್ತೇನೆಂದು ನನ್ನನ್ನು ಕಂಡು ರಸ್ತೆ ದಾಟುವರು. ಅವರು ಹಳೆಯ ಕೈಗಡ ಕೇಳುತ್ತಾರೆಂದು ನಾನೂ ಅದೇ ಗಳಿಗೆಗೆ ದಾಟುವೆ. ಹೀಗಾಗಿ ಇಬ್ಬರೂ ನಡುರಸ್ತೆಯಲ್ಲಿ ಮುಖಾಮುಖಿಯಾಗಿ, "ಏನು, ಆರಾಮೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಓಡುವುದು!

ಮನೆಯೊಳಗೆ ಅದೂ ಇಲ್ಲ. ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ದೀಪ ಸಣ್ಣದು ಮಾಡಿ ಕೂರುತ್ತಿದ್ದೆ. ಗೋಡೆಯ ಆಚೆ ಮಗ್ಗುಲ ಮನೆಯವರು ಉಣ್ಣುತ್ತ ಜಗಳಾಡುವುದು ಕೇಳುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಗಂಡ ರೇಗಿದರೆ, ಅವನ ಪುಣ್ಯಕ್ಕೆ ಕರುಬಿ ನಾನು ಅನ್ನದ ತಟ್ಟೆ ಸರಿಸಿ ಕೂರುತ್ತಿದ್ದೆ. ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದು ಕೊನೆಗೂ ತಿಳಿಯಲಿಲ್ಲ. ಹೆಚ್ಚಾದದ್ದನ್ನು ಮರುದಿನ ಉಣ್ಣುತ್ತಿದ್ದೆ. ಆ ದಿನವೂ ಹೆಚ್ಚಾಗುತ್ತಿತ್ತು.

ಇಂಥದೊಂದು ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ನಾನು ಅಭ್ಯಾಸಬಲದಿಂದ ಮಂಚದ ಕೆಳಗೆ ಸೇರಿದೆ.

"ಲೇ ತಮ್ಮಾ, ನಾನು! ನಿನ್ನ ಅತ್ತಿ! ಬಾಗಲ ತಗಿ. ಮಂಚದ ಬುಡಕ ಇದ್ರ ತಲಿ ನೋಡಿಕೊಂಡು ಎದ್ದು ಬಾ!"

ಹೇಗೆ ತಿಳಿಯಿತೋ! ಒಳಗೆ ಬಂದವಳೇ ಕಟಕ ರೊಟ್ಟಿಯ ಗಂಟು ಬಿಚ್ಚಿ, ನಾನು ತಿನ್ನುವುದನ್ನು ನೋಡುತ್ತ ಕೂತಳು. ಸಾಲ ಎಷ್ಟೆಂದು ಕೇಳಲಿಲ್ಲ. ಯಾರ್ಯಾರದು ಎಂದು ಕೇಳಿದಳು. ಸಾಹುಕಾರರ ಕಥೆಗೆ ಮಾತ್ರ ತಲೆ ಆಡಿಸಿದಳು.

"ಧೋತ್ರದ ಒಂದು ತೂತು ಮುಚ್ಚಾಕ ಇನ್ನೊಂದು ಕಡಿಗೆ ಹರದು ತ್ಯಾಪಿ ಹಚ್ಚೀದಿ. ಶಾಣ್ಯಾ ಅದಿ."

ಅತ್ತೆಗೆ ಓದು ಬರಹ ಬಾರದು. ಕೇರುವ ಮೊರದಲ್ಲಿ ಒಂದಿಷ್ಟು ಜೋಳ ಸುರಿದು, "ಇದು ನಿನ್ನ ಪಗಾರ" ಅಂದಳು. ಒಂದು ಬೊಗಸೆ ತೆಗೆದು ಪಕ್ಕಕ್ಕಿಟ್ಟಳು: ಮನೆ ಬಾಡಿಗೆ. ಇನ್ನೊಂದು ದೊಡ್ಡ ಬೊಗಸೆ: ನಮ್ಮ ಹೊಟ್ಟೆಗೆ.

"ಅದು ಕೊನಿಗೆ ಇರ್ಲಿ ಅತ್ತಿ, ಮೊದಲು ಸಾಲದವರಿಗೆ..."

"ಉಪಾಸ ಬಿದ್ದ ಎತ್ತು ಯಾವ ಸಾಹುಕಾರನ ಗಾಡಿ ಎಳೀತದ? ಬಾಯಿ ಮುಚ್ಚಿಕೊಂಡು ಕೂಡು."

ಉಳಿದದ್ದನ್ನು ಮೂರು ಗುಂಪಿ ಮಾಡಿದಳು. ಹೆಚ್ಚು ಕೊಡಬೇಕಾದವರಿಗೆ ದೊಡ್ಡ ಗುಂಪಿ, ಕಡಿಮೆ ಕೊಡಬೇಕಾದವರಿಗೆ ಸಣ್ಣದು. "ತಿಂಗಳಾ ಇಷ್ಟೇ. ಇದನ್ನ ಮೂವರಿಗೂ ಒಂದೇ ಕಡಿ ಕೂಡಿಸಿ ತೋರಸಬೇಕು. ಊಟಕ್ಕ ಕರಿಯೋಣು. ಹೋಳಿಗಿ ಮಾಡ್ತೀನಿ."

ಸಾಲ ಕೊಟ್ಟವರನ್ನು ಊಟಕ್ಕೆ ಕರೆಯುವುದೇ! ಹುಲಿಗಳನ್ನು ಕರೆದು ಎಲೆ ಹಾಕಿದ ಹಾಗೆ. ನಾನು ಬೇಡವೆಂದೆ. ನನ್ನ ಮಾತು ಆ ಮನೆಯಲ್ಲಿ ನಡೆಯುವುದು ನಿಂತು ಬಹಳ ದಿನವಾಗಿತ್ತು.

ಶೆಟ್ಟರು ಹೋಳಿಗೆ ಎಂದೊಡನೆ ಒಪ್ಪಿದರು. ಚಾಚಾ, "ಅಮ್ಮಾ, ಇಷ್ಟು ವರ್ಷ ವ್ಯಾಪಾರ ಮಾಡೀನಿ, ಬಾಕಿದಾರ ಊಟಕ್ಕ ಕರದದ್ದು ಇದೇ ಪಹಿಲಾ!" ಎಂದು ನಕ್ಕು ಒಪ್ಪಿದ. ಸಾಹುಕಾರರು ಮಾತ್ರ ಮುಖ ಕೊಡಲಿಲ್ಲ. "ರೊಕ್ಕ ತರ್ರಿ. ಊಟ ನಮ್ಮ ಮನ್ಯಾಗೂ ಅದ," ಅಂದರು.

ಸಾಲ ಕೊಟ್ಟವನು ತೆಗೆದುಕೊಂಡವನ ಬಾಗಿಲಲ್ಲಿ ಬಂದು ಕೂರುವುದು ಲೋಕರೂಢಿ. ಅತ್ತೆ ರೂಢಿಯನ್ನು ತಿರುಗಿಸಿಟ್ಟಳು. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಹೋಗಿ ಸಾಹುಕಾರರ ಅಂಗಡಿಯ ಹೊಸ್ತಿಲ ಮೇಲೆ ಚೊಂಬಿಟ್ಟುಕೊಂಡು ಕೂತುಬಿಟ್ಟಳು! ಶುಕ್ರವಾರ, ಮುಸ್ಸಂಜೆ, ಹೊಸ್ತಿಲು! ಸಾಹುಕಾರರು ಊದಿನಕಡ್ಡಿ ಹಿಡಿದೇ ಓಡಿ ಬಂದರು.

"ಯವ್ವಾ, ಏಳಬೇ! ಲಕ್ಷ್ಮಿ ಒಳಗ ಬರೋ ಹೊತ್ತು!"

"ಬರ್ಲಿ. ಬಂದ್ರ ಸರದು ದಾರಿ ಕೊಡ್ತೀನಿ. ಆದ್ರ ಭಾಳ ದಿನಕ್ಕ ಸಿಕ್ಕಾಳ, ಒಂದೀಟು ಮಾತಾಡಿಸಿ ಕಳಸ್ತೀನಿ. ಈ ಅಂಗಡಿ ಬಡ್ಡಿ ಎಷ್ಟು ಅನ್ನೂದು ಅಕಿಗೂ ಗೊತ್ತಾಗಲಿ."

ಸಾಹುಕಾರರು ಭಾನುವಾರದ ಊಟಕ್ಕೆ ಒಪ್ಪಿದರು.

ಊಟದ ದಿನ ಇನ್ನೊಂದು ಪ್ರಸಂಗ. ಸಾಹುಕಾರರು ಚಾಚಾನ ಪಕ್ಕದ ಎಲೆಯನ್ನು ನೋಡಿ ನಿಂತೇ ಇದ್ದರು. ಅತ್ತೆ ತುಪ್ಪದ ಮಿಳ್ಳೆ ಹಿಡಿದು ಬಂದಳು. "ಯಾಕ್ರೀ? ನಿಮ್ಮ ರೊಕ್ಕ, ಅವರ ರೊಕ್ಕ ಇವನ ಒಂದೇ ಕಿಸೇದಾಗ ಕೂಡಿ ಇದ್ದವಲ್ಲ, ಅವೇನು ಜಗಳಾಡಲಿಲ್ಲಲ್ಲ? ಕೂಡ್ರಿ." ಸಾಹುಕಾರರು ಕೂತರು.

ಶೆಟ್ಟರು ನಾಲ್ಕನೆಯ ಹೋಳಿಗೆಗೆ ಕೈಯೊಡ್ಡುತ್ತ, "ಹೂರಣ ಭಾಳ ಚಲೋ ಆಗ್ಯದ ಯವ್ವಾ. ಬ್ಯಾಳಿ ಎಲ್ಲಿದು?" ಅಂದರು.

"ನಿಮ್ಮ ಅಂಗಡಿದೇ. ನಿನ್ನೆ ತಂದೀನಿ. ಉದ್ರಿ."

ಶೆಟ್ಟರ ಕೈ ಗಾಳಿಯಲ್ಲಿ ನಿಂತಿತು. "ಅಂದ್ರ ಈ ಊಟ ನಾನೇ ಹಾಕಿದಂಗಾತಲ್ಲಬೇ!"

"ಪುಣ್ಯನೂ ನಿಮಗೇ ಬರ್ಲಿ. ಇನ್ನೊಂದು ಹಾಕ್ಲಿ?"

ಎಲೆ ತೆಗೆದ ಮೇಲೆ ಅತ್ತೆ ಅಂಗಳದಲ್ಲಿ ಜೋಳ ಸುರಿದು, ನನಗೆ ತೋರಿಸಿದಂತೆಯೇ ಗುಂಪಿ ಮಾಡಿ ತೋರಿಸಿದಳು. ಇದು ಬಾಡಿಗೆ, ಇದು ಹೊಟ್ಟೆಗೆ, ಇವು ಮೂರು ನಿಮ್ಮವು. ಮೂವರೂ ತಮ್ಮ ತಮ್ಮ ಗುಂಪಿಯನ್ನೂ ಆಮೇಲೆ ಒಬ್ಬರೊಬ್ಬರ ಗುಂಪಿಯನ್ನೂ ನೋಡಿದರು. ಉಳಿದಿಬ್ಬರಿಗೆ ನಾನು ಗುಟ್ಟಾಗಿ ಕೊಡುತ್ತಿದ್ದೇನೆ ಎಂದು ಪ್ರತಿಯೊಬ್ಬರೂ ಅಲ್ಲಿಯವರೆಗೆ ನಂಬಿದ್ದರಂತೆ! ಅಷ್ಟರಲ್ಲಿ ಮಾಳಿಗೆಯಿಂದ ಗುಬ್ಬಿಯೊಂದು ಇಳಿದು ಸಾಹುಕಾರರ ಗುಂಪಿಗೇ ಬಾಯಿ ಹಾಕಿತು. ಸಾಹುಕಾರರು ಗಾಬರಿಯಿಂದ ಎದ್ದು ಶಲ್ಯ ಬೀಸಿ, "ಹುಶ್! ಹುಶ್! ನಂದು ಅದು!" ಎಂದು ಕೂಗಿದರು. ಚಾಚಾ ನಗುತ್ತ ಗೋಡೆಗೆ ಒರಗಿಬಿಟ್ಟ. ಒಂದು ಗಳಿಗೆ ಬಿಟ್ಟು ಸಾಹುಕಾರರೂ ನಕ್ಕರು. ಅವರ ಹಲ್ಲುಗಳನ್ನು ನಾನು ನೋಡಿದ್ದು ಅಂದೇ.

"ಇವನ ಧೋತ್ರ ಒಬ್ಬರು ಜೋರಾಗಿ ಜಗ್ಗಿದ್ರ ಮೂರೂ ಮಂದಿ ಕೈಗೆ ಹರದ ಚೂರು ಬರ್ತಾವ," ಅಂದಳು ಅತ್ತೆ. "ಪಗಾರದ ದಿನ ಇವನೇ ನಿಮ್ಮ ಅಂಗಡಿಗೆ ಬಂದು ಕೊಡ್ತಾನ. ನೀವು ಇವನ ಕಟ್ಟಿ ಹತ್ತಂಗಿಲ್ಲ. ಬಡ್ಡಿ ಮ್ಯಾಲ ಬಡ್ಡಿ ಇನ್ನ ಸಾಕು."

ಮೊದಲು ಒಪ್ಪಿದವರು ಶೆಟ್ಟರು. ಸಾಹುಕಾರರು ಕೊನೆಗೆ ಒಪ್ಪಿದರು; ಆದರೂ ಒಪ್ಪಿದರು. ಮರುದಿನ ನಾನು ಬಜಾರಿನ ನಡುರಸ್ತೆಯಲ್ಲಿ ನಡೆದುಹೋದೆ. ಬಿಸಿಲು ಬಹಳ ಅಗಲವಾಗಿದೆ ಎನ್ನಿಸಿತು.

ಪಗಾರ ಬಂತು, ಮೂವರಿಗೂ ಮುಟ್ಟಿಸಿದೆ, ಕಟ್ಟೆಗೆ ಯಾರೂ ಬರಲಿಲ್ಲ. ಮಾನ್ವಿಗೆ ಹೇಳಿ ಕಳಿಸಿದೆ. ಉತ್ತರ ಬರಲಿಲ್ಲ. ಇನ್ನೊಂದು ತಿಂಗಳು ಕಳೆಯಿತು. ಅತ್ತೆ ಜೋಳದ ಮೊರವನ್ನು ಗೋಡೆಗೆ ನಿಲ್ಲಿಸಿ, "ನಡಿ ಮಾನ್ವಿಗೆ," ಅಂದಳು.

ಮಾವನವರ ಪಡಸಾಲೆಯಲ್ಲಿ ಚಾಪೆ ಹಾಸಿದರು, ನೀರು ಕೊಟ್ಟರು. ಒಳಬಾಗಿಲ ಹಿಂದೆ ಬಳೆಯ ಸದ್ದಾಯಿತು. ಅತ್ತೆ ಎಲ್ಲವನ್ನೂ ವಿವರಿಸಿದಳು. ಮಾವನವರು ಅಡಿಕೆ ಕತ್ತರಿಸುತ್ತಲೇ ಕೇಳಿದರು.

"ಸಾಲದ ಬುದ್ಧಿ ನೀವು ನನಗ ಹೇಳಾಕ ಬಂದೀರೇನು? ನಿಮ್ಮ ಮನಿಯವರು ಈಗ ಯಾವೂರಾಗ ಅದಾರ್ರೀ?"

 ನಮ್ಮ ಮನೆತನದಲ್ಲಿ ಅತ್ತೆಯ ಗಂಡನ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ಅತ್ತೆ ಈಗ ಮಾತಿನಲ್ಲೇ ಅವರನ್ನು ಸುಟ್ಟುಬಿಡುತ್ತಾಳೆ ಎಂದುಕೊಂಡೆ. ಆಕೆ ಸೆರಗು ಸರಿಮಾಡಿಕೊಂಡಳು.

"ಗೊತ್ತಿಲ್ಲ ಯಪ್ಪಾ. ಸಾಲಕ್ಕ ಅಂಜಿ ಹೋದ್ರು. ಒಂದು ಮಾತೂ ಹೇಳಲಿಲ್ಲ. ರಾಯಚೂರು ಟೇಸನ್ನಿನಾಗ ಮುಂಬೈ ಗಾಡಿ ಹತ್ತಿದ್ದನ್ನ ಯಾರೋ ನೋಡ್ಯಾರ, ಅಷ್ಟೇ. ನಾನು ಮಂದಿ ಹೊಲದಾಗ ಹತ್ತಿ ಬಿಡಿಸಿ ಎಲ್ಲಾರ್ದೂ ಮುಟ್ಟಿಸೀನಿ. ಒಬ್ಬರದೂ ಉಳಿದಿಲ್ಲ. ಕೊಟ್ಟವರಾಗೂ ಅರ್ಧ ಮಂದಿ ಸತ್ತು ಹೋದ್ರು. ಖರೇ, ನಮ್ಮ ಮನಿಯವರಿಗೆ ಇದು ಗೊತ್ತಿಲ್ಲಲ್ಲ? ಯಾವ ಊರಿನ ಯಾವ ಸಂದ್ಯಾಗ ಇನ್ನೂ ಹೆದರಿಕೋತ ಅಡ್ಡಾಡಾಕತ್ತಾರೋ. ತೀರ್ಯಾದ, ಬರ್ರಿ ಅಂತ ಹೇಳಿ ಕಳಸಾಕ ಎಲ್ಲಿಗೆ ಕಳಸ್ಲಿ?"

ಅಡಕೊತ್ತಿನ ಸದ್ದು ನಿಂತಿತ್ತು.

"ನಿಮ್ಮ ಅಳಿಯ ಹೋಗಿಲ್ಲ. ಇಲ್ಲೇ ಅದಾನ. ಇದ್ದಾಂವನ್ನ ಒಬ್ಬನ್ನೇ ಬಿಡಬ್ಯಾಡ್ರಿ."

ಮಾವನವರು ಅಡಕೊತ್ತನ್ನು ಕೆಳಗಿಟ್ಟರು. ಆಮೇಲೆ ಒಳಗೆ ತಿರುಗಿ, "ಅರಿವಿ ಗಂಟು ಕಟ್ಟವ್ವಾ," ಅಂದರು.

ಮಧ್ಯಾಹ್ನದ ಬಸ್ಸಿಗೆ ನಾನು, ನನ್ನ ಹೆಂಡತಿ, ಮಗಳು ರಾಯಚೂರಿಗೆ ಬಂದೆವು. ಅತ್ತೆ ದೇವದುರ್ಗದ ಬಸ್ಸಿಗೆ ಹೋದಳು.