ಅರ್ಸೇನಿಸ್ ಕೊಟ್ಟ ಸೊನ್ನೆ

ಎಲ್ಲ ರಗಳೆಗೂ ಮೂಲ ಒಂದು ಸೊನ್ನೆ. ಬರೆದವನು ಅಂಚೆ ಕಚೇರಿಯ ಗುಮಾಸ್ತ ಅರ್ಸೇನಿಸ್. ಬರೆದದ್ದು ಈಸ್ಟರ್ ಹಬ್ಬದ ಹಿಂದಿನ ದಿನ, ಶನಿವಾರ ಬೆಳಿಗ್ಗೆ ಎಂಟಕ್ಕೆ, ಸ್ತಮಾತಿಸ್‌ನ ಕಾಫಿ ಅಂಗಡಿಯಲ್ಲಿ. ಕಾಫಿ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಬರೆದಿದ್ದರೆ ಒಂದೂವರೆ ಅಂತ ಬರೆದು ಮುಗಿಸುತ್ತಿದ್ದನೋ ಏನೋ.

ನಮ್ಮ ಕೆರ್ಕಿರಾ ದ್ವೀಪದಲ್ಲಿ ಇಂಗ್ಲಿಷರು ಐವತ್ತು ವರ್ಷ ಇದ್ದು, ಹೋಗುವಾಗ ಎರಡು ವಸ್ತು ಬಿಟ್ಟುಹೋದರು: ಶುಂಠಿ ಶರಬತ್ತು ಮತ್ತು ಕ್ರಿಕೆಟ್ಟು. ಶರಬತ್ತು ಜೀರ್ಣವಾಯಿತು. ಕ್ರಿಕೆಟ್ಟು ನೂರೈವತ್ತು ವರ್ಷ ಕಳೆದರೂ ಹೊಟ್ಟೆಯಲ್ಲಿ ಗುಡುಗುತ್ತಲೇ ಇದೆ. ಇಡೀ ಗ್ರೀಸ್ ದೇಶ ಹುಡುಕಿದರೂ ಟೆಸ್ಟ್ ಪಂದ್ಯವನ್ನು ಐದು ದಿನ ಕೂತು ನೋಡುವವರು ಏಳು ಜನ ಸಿಕ್ಕರೆ ಹೆಚ್ಚು. ಆ ಏಳೂ ಜನ ಸ್ತಮಾತಿಸ್‌ನ ಅಂಗಡಿಯ ಮೂಲೆ ಮೇಜಿನಲ್ಲಿದ್ದೇವೆ. ನಮ್ಮಲ್ಲಿ ಒಬ್ಬನಿಗೂ ನೆಟ್ಟಗೆ ಆಡಲು ಬರುವುದಿಲ್ಲ. ಹಾಗಾಗಿಯೇ ಬೇರೆಯವರ ತಪ್ಪು ನಮಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಸರಣಿ ಮುಗಿದ ಮೇಲೆ ಆಟಗಾರರಿಗೆಲ್ಲ ಹತ್ತಕ್ಕೆ ಇಂತಿಷ್ಟು ಅಂತ ಅಂಕ ಹಾಕಿ, ಪಟ್ಟಿಯನ್ನು ಗೋಡೆಗೆ ಅಂಟಿಸುವುದು ನಮ್ಮ ಮೇಜಿನ ಪದ್ಧತಿ. ಚರ್ಚೆ ಎಲ್ಲರದು, ಪೆನ್ಸಿಲ್ ಮಾತ್ರ ಒಬ್ಬನದು. ಹನ್ನೊಂದು ವರ್ಷದಿಂದ ಅದು ಅರ್ಸೇನಿಸ್ ಕೈಯಲ್ಲಿದೆ. ಅವನು ಮನೆಅಳಿಯ, ಅಂಗಡಿಯ ಮೇಲಿನ ಮಹಡಿಯಲ್ಲೇ ಅವನ ಅತ್ತೆ ಮನೆ. ಆ ಮನೆಯಲ್ಲಿ ಅವನು ಯಾವ ಅಂಗಿ ಹಾಕಬೇಕು ಅನ್ನುವುದು ಹೆಂಡತಿ ಅಮಾಲಿಯಾಗೆ ಸೇರಿದ್ದು, ಎಷ್ಟು ಉಣ್ಣಬೇಕು ಅನ್ನುವುದು ಅತ್ತೆಗೆ ಸೇರಿದ್ದು. ಅವನ ಮಾತಿಗೆ ಬೆಲೆಯಿದ್ದದ್ದು ಲೋಕದಲ್ಲಿ ಆ ಪೆನ್ಸಿಲ್‌ನ ತುದಿಯಲ್ಲಿ ಮಾತ್ರ. ಅದನ್ನು ಅವನು ಮಲಗುವಾಗಲೂ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ.

ಮೇಜನ್ನು ಶುರು ಮಾಡಿದ ಮೇಷ್ಟ್ರು, ಈಗ ತೀರಿಕೊಂಡಿದ್ದಾರೆ, ಒಂದೇ ಒಂದು ನಿಯಮ ಬರೆದಿಟ್ಟು ಹೋಗಿದ್ದರು. ಅದು ಇವತ್ತಿಗೂ ಕಾಫಿ ಯಂತ್ರದ ಮೇಲೆ ಚೌಕಟ್ಟಿನಲ್ಲಿ ತೂಗುತ್ತಿದೆ: "ಸೊನ್ನೆ ಕೊಟ್ಟವರು ಆ ಕೆಲಸವನ್ನು ತಾವೇ ಮಾಡಿ ತೋರಿಸಬೇಕು. ಆಗದಿದ್ದರೆ ಪೆನ್ಸಿಲ್ ಮಾಡಿ ತೋರಿಸಿದವರಿಗೆ." ಈ ಭಯಕ್ಕೆ ಮೂವತ್ತು ವರ್ಷದಲ್ಲಿ ಯಾರೂ ಸೊನ್ನೆ ಕೊಟ್ಟಿರಲಿಲ್ಲ. ಸತತ ಆರು ಇನ್ನಿಂಗ್ಸಿನಲ್ಲಿ ಒಂದು ರನ್ನೂ ಹೊಡೆಯದವನಿಗೂ ಅರ್ಧ ಅಂಕ ಸಿಕ್ಕಿತ್ತು.

ಆದರೆ ಈ ಸಲ ಅರ್ಸೇನಿಸ್‌ಗೆ ತಲೆ ಕೆಟ್ಟಿತ್ತು. ಬುಧವಾರ ವೆಸ್ಟ್ ಇಂಡೀಸಿನಲ್ಲಿ ಕೊನೆಯ ಟೆಸ್ಟು. ನಮ್ಮ ಮೇಜಿನ ನೆಚ್ಚಿನ ಇಂಗ್ಲೆಂಡಿನ ಎದುರಾಳಿಗಳಿಗೆ ಗೆಲ್ಲಲು ಒಂದೇ ರನ್ ಬೇಕು, ಉಳಿದದ್ದು ಒಂದೇ ವಿಕೆಟ್. ಸ್ಲಿಪ್ಪಿನಲ್ಲಿ ನಿಂತಿದ್ದ ನಮ್ಮ ಪೆಂಡಲ್‌ಗೆ ತಟ್ಟೆಗೆ ಬಡಿಸಿದ ಹಾಗೆ ಕ್ಯಾಚ್ ಬಂತು. ಅವನು ಕೈಬಿಟ್ಟ. ಪಂದ್ಯ ಹೋಯಿತು, ಸರಣಿಯೂ ಹೋಯಿತು. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಹೇಗೂ ಮುಖ ಸಪ್ಪಗಿರಬೇಕು; ಈ ವರ್ಷ ನಮಗೆ ಅದಕ್ಕೆ ಶ್ರಮವೇ ಬೀಳಲಿಲ್ಲ.

"ಪೆಂಡಲ್‌ಗೆ ಎಷ್ಟು?" ಅಂತ ನೋಂದಾಸ್ ಕೇಳಿದ. ನೋಂದಾಸ್ ಔಷಧಿ ಅಂಗಡಿಯವನು. ಹನ್ನೊಂದು ವರ್ಷದಿಂದ ಆ ಪೆನ್ಸಿಲ್ ಮೇಲೆ ಕಣ್ಣಿಟ್ಟು ಕೂತವನು.

"ಸೊನ್ನೆ."

"ಯೋಚ್ನೆ ಮಾಡಿ ಹೇಳು ಮಾರಾಯ. ಸರಣೀಲಿ ಇನ್ನೂರು ರನ್ ಹೊಡ್ದಿದಾನೆ."

"ಹೊಡೀಲಿ. ಆ ಕ್ಯಾಚು ನಮ್ಮತ್ತೆ ಆಗಿದ್ರೂ ಏಪ್ರನ್ನಲ್ಲಿ ಹಿಡೀತಿದ್ರು." ಅಷ್ಟು ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಅವನು ಸೊನ್ನೆ ಬರೆದು, ಷರಾ ಅಂತ ಇದ್ದ ಕಡೆ ಅತ್ತೆಯ ಮಾತನ್ನೂ ಬರೆದು, ಎದ್ದು ಹೋಗಿ ಗೋಡೆಗೆ ಅಂಟಿಸಿಬಿಟ್ಟ.

ಅಷ್ಟರಲ್ಲಿ ಕಿಟಕಿಯ ಎದುರಿಗೆ ಒಂದು ಬುಟ್ಟಿ ಮೇಲಿಂದ ಇಳಿಯುತ್ತಿದ್ದದ್ದು ಅರ್ಧದಲ್ಲೇ ನಿಂತಿತು. ಅತ್ತೆ ರುಬೀನಿ ದಿನಾ ಬೆಳಿಗ್ಗೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಾರೆ, ಸ್ತಮಾತಿಸ್ ಅದರಲ್ಲಿ ಬ್ರೆಡ್ಡು ಇಡುತ್ತಾನೆ. ಎಪ್ಪತ್ತೆಂಟು ವರ್ಷ. ಮೊಣಕಾಲು ಕೈಕೊಟ್ಟಿದೆ, ಕಿವಿ ಮಾತ್ರ ಎಳೆಯದು.

"ಅಳಿಯಂದ್ರೇ," ಅಂತ ಮೇಲಿಂದ ಧ್ವನಿ ಬಂತು. "ನನ್ನ ವಿಷ್ಯ ಏನೋ ಮಾತಾಡ್ತಿದ್ದ ಹಾಗಿತ್ತು."

"ಹೊಗಳ್ತಿದ್ದೆ ಅತ್ತೆ."

"ಸ್ತಮಾತಿ, ಏನ್ ಬರ್ದಿದಾರೆ ಓದಪ್ಪ."

ಸ್ತಮಾತಿಸ್ ಒಂದಕ್ಷರ ಬಿಡದೆ ಓದಿದ. ಕಾಫಿ ಅಂಗಡಿಯವನಿಗೆ ನಿಷ್ಠೆ ಅನ್ನುವುದು ಬ್ರೆಡ್ಡು ಕೊಳ್ಳುವವರ ಕಡೆಗೇ ಇರುತ್ತದೆ.

"ಅಂದ್ರೆ," ಅಂದರು ರುಬೀನಿ, "ಭೂಮಿ ಮೇಲೆ ಏನೂ ಕೈಲಾಗದೋರು ಯಾರು ಅಂತ ಹುಡ್ಕಿದ್ರೆ ನಮ್ಮ ಅಳಿಯಂದ್ರಿಗೆ ಮೊದ್ಲು ನೆನಪಾಗೋಳು ನಾನು. ಸಂತೋಷ. ನಾಳೆ ಎಲ್ರಿಗೂ ಕುರಿಮರಿ, ನಿಮಗೆ ಮೂಲಂಗಿ."

ಹಬ್ಬದ ಉಪವಾಸಕ್ಕೆ ನಲವತ್ತೆಂಟು ದಿನ ಮಾಂಸ ಮುಟ್ಟದ ಅರ್ಸೇನಿಸ್ ರಬ್ಬರ್ ಹುಡುಕುತ್ತ ಗೋಡೆಯ ಕಡೆ ಓಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮ ಮೇಜಿನಲ್ಲಂತೂ ಗೋಡೆಗೆ ಹೋದದ್ದು ವಾಪಸು ಬರುವುದಿಲ್ಲ. ನೋಂದಾಸ್ ಆಗಲೇ ಅಡ್ಡ ನಿಂತು ಮೇಷ್ಟ್ರ ಚೌಕಟ್ಟಿನ ಕಡೆ ಬೆರಳು ತೋರಿಸುತ್ತಿದ್ದ.

"ಓದ್ಕೊ ಕಣೋ. ಮಾಡಿ ತೋರಿಸ್ಬೇಕು."

"ಇವತ್ತಾ? ಹಬ್ಬ ಕಣೋ ಇವತ್ತು."

"ಹಳೇ ಲೆಕ್ಕ ಹಬ್ಬದ ಆಚೆಗೆ ಒಯ್ಯಬಾರ್ದು ಅಂತ ಪಾದ್ರಿಗಳೇ ಹೇಳ್ತಾರೆ."

ಉಳಿದ ನಾವು ಅರ್ಸೇನಿಸ್ ಪರ ನಿಲ್ಲಬಹುದಿತ್ತು. ಆದರೆ ಸರಣಿ ಮುಗಿದು ಮೂರು ದಿನವಾಗಿ ನಮಗೆ ನೋಡಲು ಏನೂ ಇರಲಿಲ್ಲ. ಮೂರು ಅವಕಾಶ ಕೊಡುವುದು ಅಂತ ತೀರ್ಮಾನವಾಯಿತು. ಗೋಡೆಯ ಮೇಲಿದ್ದ ಬ್ಯಾಟನ್ನು ಇಳಿಸಿಕೊಂಡು ಗಲ್ಲಿಗೆ ಬಂದೆವು. ನೋಂದಾಸ್ ಚೆಂಡನ್ನು ಆಕಾಶಕ್ಕೆ ಹೊಡೆಯಬೇಕು, ಅರ್ಸೇನಿಸ್ ಹಿಡಿಯಬೇಕು.

ನಮ್ಮ ಗಲ್ಲಿ ಕೈಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದು. ಮೇಲೆ ನೋಡಿದರೆ ಒಣಹಾಕಿದ ಬಟ್ಟೆಗಳ ನಡುವೆ ಒಂದು ಪಟ್ಟಿ ಆಕಾಶ ಕಾಣುತ್ತದೆ. ಮೊದಲ ಚೆಂಡು ಆ ಪಟ್ಟಿಗೆ ಹೋಯಿತು. ಅರ್ಸೇನಿಸ್ ಕಾಲು ಅಗಲಿಸಿ, ಟಿ.ವಿ.ಯಲ್ಲಿ ನೋಡಿದ ಹಾಗೆ ಅಂಗೈ ಜೋಡಿಸಿ, ಬಾಯಿ ಕೂಡ ತೆರೆದು ನಿಂತ. ಚೆಂಡು ಬರಲಿಲ್ಲ. ಮೂರನೇ ಮಹಡಿಯ ದಿಂಬಿನ ಚೀಲವೊಂದು ಬಾಯಿ ತೆರೆದುಕೊಂಡು ಒಣಗುತ್ತಿತ್ತು, ಅದು ಹಿಡಿದಿತ್ತು.

ಚೆಂಡನ್ನು ಇಳಿಸಲು ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾವು ದಿಂಬಿನ ಚೀಲದ ಆಟವನ್ನು ವಿಮರ್ಶೆ ಮಾಡಿ ಹತ್ತಕ್ಕೆ ಏಳು ಕೊಟ್ಟೆವು. ನಿಂತ ಜಾಗ ಚೆನ್ನಾಗಿತ್ತು, ಕೊನೆಯವರೆಗೂ ಗಾಬರಿಯಾಗಲಿಲ್ಲ. ಅರ್ಸೇನಿಸ್ ಒಬ್ಬನೇ ಆರು ಅಂದ. ಪೆನ್ಸಿಲ್ ಇನ್ನೂ ಅವನದೇ ಆದ್ದರಿಂದ ಆರೇ ಆಯಿತು.

ಎರಡನೇ ಚೆಂಡು ಸರಿಯಾಗಿ ಮೇಲೆ ಹೋಯಿತು, ಸರಿಯಾಗಿ ಕೆಳಗೆ ತಿರುಗಿತು. ಅರ್ಸೇನಿಸ್ ಸರಿಯಾಗಿ ಅದರ ಕೆಳಗೇ ಇದ್ದ. ಆ ಗಳಿಗೆಯಲ್ಲೇ ಗಲ್ಲಿಯ ತುದಿಯಲ್ಲಿ ಬ್ಯಾಂಡಿನ ತುತ್ತೂರಿ ಕೇಳಿ, ನಮ್ಮ ಊರ ಸಂತನ ಪವಿತ್ರ ದೇಹ ಹೊತ್ತ ಮೆರವಣಿಗೆ ಅಲ್ಲಿ ಹಾದುಬಂತು. ಸಂತ ಎದುರಿಗೆ ಬಂದಾಗ ಟೋಪಿ ತೆಗೆದು, ಎದೆಗೆ ಶಿಲುಬೆ ಗುರುತು ಹಾಕಿ, ತಲೆ ಬಗ್ಗಿಸದ ಗಂಡಸು ಈ ಊರಲ್ಲಿ ಹುಟ್ಟಿಲ್ಲ. ಅರ್ಸೇನಿಸ್ ಟೋಪಿ ತೆಗೆದ, ಶಿಲುಬೆ ಹಾಕಿದ, ತಲೆ ಬಗ್ಗಿಸಿದ. ಚೆಂಡು ಅವನ ಬೆನ್ನಿಗೆ ದಪ್ಪನೆ ಬಿತ್ತು. ಅವನು ನೋವಿಗೆ ಬಾಯಿಬಿಟ್ಟದ್ದನ್ನು ನೋಡಿ ಪಾದ್ರಿಗಳು, ಎಂಥ ಭಕ್ತಿ ಅನ್ನುವಂತೆ ಅವನ ಕಡೆ ತಲೆಯಾಡಿಸಿ ಮುಂದೆ ಹೋದರು.

"ಇದು ಲೆಕ್ಕಕ್ಕಿಲ್ಲ," ಅಂದ ಅರ್ಸೇನಿಸ್.

"ಯಾಕಿಲ್ಲ? ಪೆಂಡಲ್‌ಗೂ ದೇವ್ರು ನೆನಪಾಗಿರ್ಬೋದು," ಅಂದ ನೋಂದಾಸ್.

ಮೆರವಣಿಗೆಯಿಂದ ವಾಪಸು ಬಂದ ಅಮಾಲಿಯಾ ಗಂಡನ ಅಂಗಿಯ ಬೆನ್ನಿನ ಮೇಲಿದ್ದ ಕೆಂಪು ಗುರುತು ನೋಡಿದಳು.

"ಹಬ್ಬಕ್ಕೆ ಅಂತ ಇಸ್ತ್ರಿ ಮಾಡಿದ್ದು ಅದು. ಮೇಲೆ ಬನ್ನಿ."

"ಮರ್ಯಾದೆ ಪ್ರಶ್ನೆ ಕಣೇ."

"ಇದ್ದಿದ್ರೆ ತಾನೇ," ಅಂದು ಅವಳು ಮೇಲೆ ಹೋದಳು.

ಆ ಚೆಂಡು ಲೆಕ್ಕಕ್ಕುಂಟೋ ಇಲ್ಲವೋ ಅನ್ನುವ ಚರ್ಚೆ ಹತ್ತೂವರೆ ದಾಟಿತು. ಅಷ್ಟರಲ್ಲಿ ಗಲ್ಲಿಯ ತುಂಬ ಜನ. ಕಟುಕ ಮೊಣಕಾಲು ಬಗ್ಗಿಸು ಅಂತ ಹೇಳಿಕೊಟ್ಟ, ಕ್ಷೌರಿಕ ಬಗ್ಗಿಸಬೇಡ ಅಂದ. ಕೊನೆಗೆ ಉಳಿದದ್ದು ಒಂದೇ ಅವಕಾಶ ಅಂತಾಯಿತು. ಅರ್ಸೇನಿಸ್ ಜೇಬು ಮುಟ್ಟಿ ಪೆನ್ಸಿಲ್ ನೋಡಿಕೊಂಡ. ಆಗ ಮಾತ್ರ ನನಗೆ ಪಾಪ ಅನ್ನಿಸಿತು, ಆದರೆ ಆಟ ನಿಲ್ಲಿಸುವಷ್ಟಲ್ಲ.

ಐದು ದಿನದ ಆಟ ನೋಡುವವರಿಗೆ ಗಡಿಯಾರ ನೋಡುವ ಅಭ್ಯಾಸ ಇರುವುದಿಲ್ಲ. ಪ್ರತಿ ವರ್ಷ ಈ ಶನಿವಾರ ಹನ್ನೊಂದಕ್ಕೆ ಇಗರ್ಜಿಯ ಗಂಟೆ ಹೊಡೆದೊಡನೆ ಊರಿನ ಎಲ್ಲ ಬಾಲ್ಕನಿಯಿಂದಲೂ ನೀರು ತುಂಬಿದ ಮಣ್ಣಿನ ಮಡಕೆಗಳು ಬೀದಿಗೆ ಬೀಳುತ್ತವೆ. ಹೋದ ವರ್ಷದ ದರಿದ್ರವೆಲ್ಲ ಮಡಕೆಯ ಜೊತೆ ಒಡೆದು ಹೋಗಬೇಕು. ಚೂರು ಸಿಕ್ಕವರಿಗೆ ಅದೃಷ್ಟ. ಹುಟ್ಟಿದಂದಿನಿಂದ ನೋಡಿದ ಇದನ್ನು ಅಂದು ನಮ್ಮ ಮೇಜಿನವರು ಒಬ್ಬರೂ ನೆನೆಯಲಿಲ್ಲ. ಉಳಿದವರೆಲ್ಲ ಮೆಲ್ಲಗೆ ಗೋಡೆ ಸೇರಿದ್ದರು. ನೋಂದಾಸ್ ಬ್ಯಾಟು ಬೀಸಿದ. ಗಂಟೆ ಹೊಡೆಯಿತು.

ಗಲ್ಲಿಯ ಉದ್ದಕ್ಕೂ ಮಡಕೆಗಳು ಸಿಡಿದವು. ನಾವೂ ಗೋಡೆಗೆ ಅಂಟಿದೆವು. ನಡುವೆ ನಿಂತವನು ಅರ್ಸೇನಿಸ್ ಒಬ್ಬನೇ, ಕಣ್ಣು ಆಕಾಶದಲ್ಲಿ. ಅತ್ತೆಯ ಬಾಲ್ಕನಿಯ ಕಡೆಯಿಂದ ದುಂಡಗಿನದೊಂದು ಅವನತ್ತ ಬರುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವನ ಕಣ್ಣು, ಕಾಲು, ಕೈ ಮೂರೂ ಒಂದೇ ಮಾತು ಕೇಳಿದವು. ಎರಡು ಹೆಜ್ಜೆ ಹಿಂದೆ ಸರಿದು, ಬಾಗಿ, ಎದೆಗೆ ಅವುಚಿ, ಕುಂಡೆ ಊರಿ ಕೂತು ಅವನು ಹಿಡಿದೇಬಿಟ್ಟ. ಮೇಜಿನ ಉಳಿದ ಐದು ಜನ ಕುಣಿದೆವು. ನೋಂದಾಸ್ ಬ್ಯಾಟು ಕೆಳಗಿಟ್ಟ.

ಅರ್ಸೇನಿಸ್ ಕಣ್ಣು ಬಿಟ್ಟು ನೋಡಿದರೆ ಕೈಯಲ್ಲಿ ಮಡಕೆ. ಮೈಯೆಲ್ಲ ನೀರು, ಮಡಕೆಗೆ ಒಂದು ಸೀಳೂ ಇಲ್ಲ.

ಎದುರು ಮನೆಯ ಮುದುಕಿ ಎದೆ ಬಡಿದುಕೊಂಡಳು. "ಒಡೀಲಿಲ್ಲ. ಹೋದ ವರ್ಷದ ದರಿದ್ರಾನೆಲ್ಲ ಹಿಡ್ಕೊಂಡ್ಬಿಟ್ಟ ಪಾಪಿ. ಇನ್ನೊಂದು ವರ್ಷ ಗಲ್ಲಿಗೆ ಗತಿಯಿಲ್ಲ." ಕಟುಕ, ಕ್ಷೌರಿಕ, ಎಲ್ಲರೂ ಅವನ ಮೇಲೆ ತಿರುಗಿದರು. ಮೂವತ್ತು ವರ್ಷದಲ್ಲಿ ನಮ್ಮ ಮೇಜಿನವನೊಬ್ಬ ಹಿಡಿದ ಅತ್ಯುತ್ತಮ ಕ್ಯಾಚಿಗೆ ಸಿಕ್ಕ ಮರ್ಯಾದೆ ಇದು.

"ಹಾಗಾದ್ರೆ ಚೆಂಡೆಲ್ಲಿ?" ಅಂದ ಸ್ತಮಾತಿಸ್.

ಎಲ್ಲರೂ ತಲೆ ಎತ್ತಿದೆವು. ಬಾಲ್ಕನಿಯಲ್ಲಿ ರುಬೀನಿ ಏಪ್ರನ್ನಿನ ಎರಡು ತುದಿ ಹಿಡಿದು ನಿಂತಿದ್ದರು. ಏಪ್ರನ್ನಿನ ನಡುವೆ, ಮೊಟ್ಟೆಯ ಹಾಗೆ, ಕೆಂಪು ಚೆಂಡು.

"ಇದೇನಾ," ಅಂದರು ಅವರು, "ನೀವು ಐದೈದು ದಿನ ಕೂತು ನೋಡೋದು?"

ನೋಂದಾಸ್ ಅರ್ಸೇನಿಸ್‌ನ ಒದ್ದೆ ಜೇಬಿಗೆ ಕೈಹಾಕಿ ಪೆನ್ಸಿಲ್ ತೆಗೆದ. ಸ್ತಮಾತಿಸ್ ಅವನ ಮಣಿಕಟ್ಟು ಹಿಡಿದ. "ನಿಯಮ ಪೂರ್ತಿ ಓದು. ಮಾಡಿ ತೋರಿಸಿದವರಿಗೆ ಅಂತಿದೆ. ನೀನು ಹೊಡ್ದೆ ಅಷ್ಟೇ." ಹನ್ನೊಂದು ವರ್ಷದ ತಪಸ್ಸು ಅಲ್ಲಿಗೆ ಮುಗಿಯಿತು.

ಬುಟ್ಟಿ ಇಳಿಯಿತು. ಪೆನ್ಸಿಲ್ಲೂ ಅಂಕಪಟ್ಟಿಯೂ ಮೇಲೆ ಹೋದವು. ಸ್ವಲ್ಪ ಹೊತ್ತಿಗೆ ಪಟ್ಟಿ ಮಾತ್ರ ಕೆಳಗೆ ಬಂತು. ಪೆಂಡಲ್‌ನ ಸೊನ್ನೆ ಹೊಡೆದುಹಾಕಿ ನಾಲ್ಕು ಅಂತ ಮಾಡಿದ್ದರು. ಷರಾ: "ಟಿ.ವಿ.ಯಲ್ಲಿ ನೋಡಿದ್ದೇನೆ. ಸರಿಯಾಗಿ ಊಟ ಹಾಕುವವರಿಲ್ಲ, ಪಾಪ." ಎಲ್ಲರಿಗಿಂತ ಕೆಳಗೆ ಹೊಸದೊಂದು ಸಾಲು ಸೇರಿತ್ತು: "ಅಳಿಯ ಅರ್ಸೇನಿಸ್, ಸೊನ್ನೆ."

ನೋಂದಾಸ್‌ಗೆ ಜೀವ ಬಂತು. "ರುಬೀನಿಯಮ್ಮಾ, ಸೊನ್ನೆ ಕೊಟ್ಟೋರು ಮಾಡಿ ತೋರಿಸ್ಬೇಕು."

"ತೋರಿಸಿದ ಮೇಲೇ ಕೊಟ್ಟಿದ್ದಪ್ಪ," ಅಂದರು ರುಬೀನಿ. ಆಮೇಲೆ ಅಳಿಯನ ಕಡೆ ನೋಡಿ ಅವರ ಧ್ವನಿ ತುಸು ಮೆತ್ತಗಾಯಿತು. "ಆದ್ರೂ ನನ್ನ ಬಗ್ಗೆ ಬರ್ದಿದ್ದು ಸುಳ್ಳಲ್ಲ ಅಂತ ಈಗ ಊರಿಗೆಲ್ಲ ಗೊತ್ತಾಯ್ತು. ಇನ್ನೊಂದು ಅವಕಾಶ ಕೊಡ್ತೀನಿ. ಹಿಡಿದ್ರೆ ಪೆನ್ಸಿಲ್ಲೂ ವಾಪಸು, ಕುರಿಮರೀನೂ ಉಂಟು. ಅಳಿಯಂದ್ರೇ, ಹಿಡೀರಿ."

ಅವರು ಚೆಂಡನ್ನು ಮಗುವಿಗೆ ಹಾಕುವಂತೆ ಮೆಲ್ಲಗೆ ಕೆಳಗೆ ಹಾಕಿದರು. ಅರ್ಸೇನಿಸ್ ಎರಡೂ ಕೈ ಚಾಚಿದ. ಎರಡೂ ಕೈಯಲ್ಲಿ ಮಡಕೆ ಇದ್ದದ್ದು ಅವನಿಗೆ ಮರೆತೇಹೋಗಿತ್ತು.

ಮಡಕೆ ಕಲ್ಲುಹಾಸಿನ ಮೇಲೆ ಬಿದ್ದು ನುಚ್ಚುನೂರಾಯಿತು. ಗಲ್ಲಿಗೆ ಗಲ್ಲಿಯೇ ಚಪ್ಪಾಳೆ ತಟ್ಟಿ, ದರಿದ್ರ ಹೋಯಿತು ಅಂತ ಚೂರುಗಳ ಮೇಲೆ ಮುಗಿಬಿತ್ತು. ನನಗೂ ಒಂದು ಒಳ್ಳೆಯ ಚೂರು ಸಿಕ್ಕಿತು, ನೋಂದಾಸ್‌ಗೆ ಎರಡು. ಅರ್ಸೇನಿಸ್ ಬಗ್ಗುವ ಹೊತ್ತಿಗೆ ನೆಲ ಖಾಲಿಯಾಗಿತ್ತು. ಅವನ ಪಾದದ ಹತ್ತಿರ ಚೆಂಡೊಂದೇ ಬಿದ್ದಿತ್ತು.