ಎಲ್ಲದಕ್ಕೂ ‘ಸರಿ’ ಎಂದವನ ಪಾಡು

ನನ್ನ ಹೆಂಡತಿಯ ಕಂಪ್ಯೂಟರಿಗೆ ಕಾಯಕಲ್ಪ ಮಾಡಬೇಕೆಂದು ಆ ಬೆಳಿಗ್ಗೆ ನನಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಅವಳು ಅಂಗಡಿಗೆ ಹೋದದ್ದೇ ತಡ, ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮಾಡಲು ಕೂತೆ. ಅದು ಏನೇನೋ ಪ್ರಶ್ನೆ ಕೇಳಿತು. ಓದದೆ ಎಲ್ಲದಕ್ಕೂ ‘ಸರಿ’ ಒತ್ತಿದೆ. (ಮದುವೆಯಾದಾಗಿನಿಂದ ಅಭ್ಯಾಸ.)

ಅವಳು ಮದುವೆ ಆಲ್ಬಮ್ ಸಿದ್ಧಪಡಿಸುವವಳು. ಮಹಡಿಯ ಕಂಪ್ಯೂಟರಿನಿಂದ ಫೋಟೋಗಳು ವೈರಿನಲ್ಲಿ ಇಳಿದು, ಕೆಳಗಿನ ಹಾಲ್‌ನಲ್ಲಿ ಟೀವಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ ಸೇರಬೇಕು. ಸಂಜೆ ಸ್ಟುಡಿಯೋ ಯಜಮಾನರು ಬಂದು ನೋಡಿ ಒಯ್ಯುವವರಿದ್ದರು. ದೊಡ್ಡ ಸ್ಟುಡಿಯೋದಿಂದ ಅವಳಿಗೆ ಸಿಕ್ಕ ಮೊದಲ ಕೆಲಸ. ಇವತ್ತು ಕೈಕೊಟ್ಟರೆ ಅವರು ಮತ್ತೆ ನಮ್ಮ ಬಾಗಿಲು ತುಳಿಯುವುದಿಲ್ಲ. ಅಂಗಡಿಯಿಂದ ಬಂದವಳೇ ಆಲ್ಬಮ್ ಕಳಿಸಲು ಕೂತಳು.

“ರೀ, ನಿನ್ನೆ ಚಿಟಿಕೆ ಹೊಡೆಯೋದ್ರೊಳಗೆ ಹೋಗ್ತಿತ್ತು, ಇವತ್ತು ತೆವಳ್ತಾ ಇದೆ. ಏನ್ ಮಾಡಿದ್ರಿ?”

“ಹೊಸ ಸಿಸ್ಟಂ ಹಾಕಿದೀನಿ, ಅಷ್ಟೇ. ವೇಗ ಜಾಸ್ತಿನೇ ಆಗಬೇಕು. ತಪ್ಪು ಬೇರೆಲ್ಲೋ ಇದೆ.”

ಪೆನ್‌ಡ್ರೈವ್ ಚುಚ್ಚಿ ನೋಡಿದಳು. ದುಡ್ಡು ಬಂದ ಮೇಲೆ ಹಳೇ ನೆಂಟರನ್ನು ಮರೆತವರಂತೆ ಹೊಸ ಸಿಸ್ಟಂ ಅದರ ಗುರುತೇ ಹಿಡಿಯಲಿಲ್ಲ.

ನನ್ನ ಏಕಸದಸ್ಯ ತನಿಖಾ ಆಯೋಗ ಕಾರ್ಯಾರಂಭ ಮಾಡಿತು. ಮೊದಲ ಆರೋಪಿ ಅತ್ತೆಯವರ ಧಾರಾವಾಹಿ. ಟೀವಿ ಆರಿಸಿದೆ.

“ಟೀವೀಲಿ ಅಳೋರನ್ನ ನಾನು ನೋಡ್ತಾ ಕೂತ್ರೆ ಫೋಟೋ ಯಾಕೆ ನಿಲ್ಲತ್ತೆ, ಅಳಿಯಂದಿರೇ?” ಎಂದರು ಅತ್ತೆ.

“ನಿಮಗೆ ಅರ್ಥ ಆಗಲ್ಲ ಬಿಡಿ.”

ಎರಡನೆಯ ಆರೋಪಿ ವೈರು. ಕಿತ್ತೆ, ಊದಿದೆ, ಒರೆಸಿ ಸಿಕ್ಕಿಸಿದೆ. ಕೊನೆಗೆ ವಧೂವರರ ಮೇಲೇ ಹರಿಹಾಯ್ದೆ. “ಇಷ್ಟೊಂದು ಜನಾನ ಮದುವೆಗೆ ಕರೆದ್ರೆ ಇನ್ನೇನಾಗತ್ತೆ?”

ಹೆಂಡತಿ ಜಗಳ ಆಡಲಿಲ್ಲ. “ಮೊದಲನೇ ಕೆಲಸ ಕಣ್ರೀ” ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಸ್ಟುಡಿಯೋ ಯಜಮಾನರು ಬಂದು ಸೋಫಾದಲ್ಲಿ ಕೂತರು. ಅವರಿಗೆ ಬೇಸರವಾಗಬಾರದೆಂದು ಅತ್ತೆ ಟೀವಿ ಹಾಕಿ, ರಿಮೋಟಿನ ಯಾವುದೋ ಗುಂಡಿ ಒತ್ತಿದರು.

“ಅಯ್ಯೋ, ಅಳಿಯಂದಿರು ಟೀವೀಲಿ ಬಂದಿದಾರೆ ಕಣೇ!”

ತೆರೆಯ ತುಂಬ ನಾನೇ. ಬನಿಯನ್ನಿನಲ್ಲಿ, ಎದೆ ಸೆಟೆಸಿ, ಬೆರಳು ಆಡಿಸುತ್ತಾ ಗುಡುಗುತ್ತಿದ್ದೆ: “ನೋಡು, ಇವತ್ತು ಕಡ್ಡಿ ಮುರಿದ ಹಾಗೆ ಹೇಳ್ತೀನಿ. ನನ್ನನ್ನ ಕೇಳದೆ ನನ್ನ ವಸ್ತು ಮುಟ್ಟಬೇಡ!” ವಿಡಿಯೋದಲ್ಲೇ ಗೇಟು ಕಿರ್ರೆಂದಿತು. “ಬಂದೆ, ಬಂದೇ” ಎಂದು ತೆರೆಯ ಮೇಲಿನ ಗಂಡುಗಲಿ ಅಂಗಿ ಹುಡುಕುತ್ತಾ ಓಡಿದ.

ಹೆಂಡತಿಯ ಎದುರು ಮಾತಾಡುವ ಧೈರ್ಯ ಬರಲೆಂದು, ಅವಳಿಲ್ಲದಾಗ ಅವಳದೇ ಕಂಪ್ಯೂಟರಿನ ಕ್ಯಾಮೆರಾ ಎದುರು ನಾನು ಮಾಡಿಕೊಂಡ ತಾಲೀಮು ಅದು. ಅಂಥವು ಬೇಕಾದಷ್ಟಿದ್ದವು. ‘ಎಲ್ಲದರ ಪ್ರತಿ ಡಿಸ್ಕಿಗೆ ಕಳಿಸಲೇ?’ ಎಂಬ ಹೊಸ ಸಿಸ್ಟಂನ ಪ್ರಶ್ನೆಗೂ ‘ಸರಿ’ ಒತ್ತಿದ್ದೆನಲ್ಲ, ವೈರಿನ ಉದ್ದಕ್ಕೂ ನನ್ನ ಪೌರುಷವೇ ತುಂಬಿಕೊಂಡು ಆಲ್ಬಮ್ಮಿಗೆ ದಾರಿ ಬಿಟ್ಟಿರಲಿಲ್ಲ.

ಹೆಂಡತಿ ಮಹಡಿಗೆ ಓಡಿ ಅದನ್ನು ನಿಲ್ಲಿಸಿದಳು. ಆಲ್ಬಮ್ ಸರಸರನೆ ಇಳಿದು ಬಂತು. ಯಜಮಾನರು ಪುಟಪುಟವನ್ನೂ ನೋಡಿ ಮೆಚ್ಚಿ, ಮುಂದಿನ ಮದುವೆಯ ಆಲ್ಬಮ್ಮೂ ಅವಳದೇ ಎಂದರು. ಹೊರಡುವಾಗ ನನ್ನ ಭುಜ ತಟ್ಟಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಬಾಗಿಲು ಹಾಕಿ ಅವಳು ತಿರುಗಿದಳು. “ಕೇಳದೆ ಮುಟ್ಟಬೇಡ ಅಂದ್ರಲ್ಲ, ನೀವು ನನ್ನ ಕಂಪ್ಯೂಟರ್ ಮುಟ್ಟೋಕೆ ಮುಂಚೆ ಕೇಳಿದ್ರಾ?”

ನಾನು ಬಗ್ಗಿ ವೈರನ್ನು ಮತ್ತೊಮ್ಮೆ ಒರೆಸತೊಡಗಿದೆ.

ಅತ್ತೆ ರಿಮೋಟು ಎತ್ತಿಕೊಂಡು ಸೋಫಾದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. “ಸ್ವಲ್ಪ ತಡಿಯೇ. ಇದಕ್ಕೆ ಉತ್ತರ ಮುಂದಿನ ವಿಡಿಯೋದಲ್ಲಿರಬಹುದು.”