ಮೂರು ಇಂಚಿನ ಸುಳ್ಳು

ಯಾರ ಮನಸ್ಸನ್ನೂ ನೋಯಿಸಬಾರದು ಎನ್ನುವುದು ನನಗೆ ಅಂಟಿದ ಕೆಟ್ಟ ಚಾಳಿ. ನೆಂಟರ ಮನೆಯಲ್ಲಿ ಉಪ್ಪು ಹೆಚ್ಚಾದ ಸಾರನ್ನು ಎರಡನೆಯ ಸಲ ಹಾಕಿಸಿಕೊಂಡು, ಮನೆಗೆ ಬಂದು ಒಂದು ತಂಬಿಗೆ ನೀರು ಕುಡಿದವಳು ನಾನು. ಇದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಸಭ್ಯತೆ ಎಂದು ನಾನು, ಬರೀ ಪುಕ್ಕಲುತನ ಎಂದು ನಮ್ಮ ಯಜಮಾನರು. ಈ ವಾದದಲ್ಲೇ ಇಪ್ಪತ್ತೈದು ವರ್ಷ ಸಂಸಾರ ನಡೆದಿದೆ.

ಮಗಳು ಶ್ರೇಯಾ ಆರ್ಕಿಟೆಕ್ಚರ್ ಮುಗಿಸಿ ನಿಪ್ಪಾಣಿಗೆ ಬಂದಾಗ ಅವಳ ಮೊದಲ ಗಿರಾಕಿ ನಾನೇ. ನಮ್ಮ ಅಡುಗೆಮನೆಗೆ ಅವಳು ನಕ್ಷೆ ಬರೆದಳು, ತುಕಾರಾಮ ಗೌಂಡಿ ಕಟ್ಟಿದ. ಕರಿಕಲ್ಲಿನ ಕಟ್ಟೆ, ಮುಖ ನೋಡಿಕೊಂಡು ಕುಂಕುಮ ಇಟ್ಟುಕೊಳ್ಳುವಷ್ಟು ಹೊಳಪು. ಆದರೆ ಅದರ ಎತ್ತರ ಪುಸ್ತಕದ್ದು, ನಾನೋ ಕುಳ್ಳಿ. ಚಹಾ ಕುದಿಸಲು ತೊಂದರೆಯಿರಲಿಲ್ಲ. ರೊಟ್ಟಿ ಬಡಿಯಲು ನಿಂತರೆ ಮಾತ್ರ ಮೊಣಕೈ ಕಿವಿಗೆ ಬರುತ್ತಿತ್ತು. ಮೇಲಿನಿಂದ ಅಂಗೈಯ ಭಾರ ಬೀಳದಿದ್ದರೆ ಜೋಳದ ಹಿಟ್ಟು ಅಗಲವಾಗುವುದಿಲ್ಲ. ಊಟದ ಮಣೆಯೊಂದನ್ನು ತಂದು ಕಟ್ಟೆಯ ಮುಂದೆ ಹಾಕಿದೆ, ಅದನ್ನೇರಿ ಬಡಿದೆ. ಮಗಳ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಇಳಿದು ಮಣೆಯನ್ನು ಕಾಲಿನಿಂದ ಮೂಲೆಗೆ ತಳ್ಳುತ್ತಿದ್ದೆ.

ಹೇಗೆ ಹೇಳಲಿ? ಎರಡು ಸಂದರ್ಶನಗಳಲ್ಲಿ ಅವಳನ್ನು ಬೇಡವೆಂದಿದ್ದರು. "ನಕ್ಷಾ ಚೊಲೋ ತೆಗಿತೀನಿ ಅಂದ್ರ ನಗ್ತಾರ ಮಮ್ಮಿ. ಚಹಾ ಕುಡಿಯೋದ್ರಾಗ ಕಂಪ್ಯೂಟರ್ ಹತ್ತ ನಕ್ಷಾ ತಗದ ಒಗಿತೈತಿ. ನಿನ್ನ ಕಡೆ ಬ್ಯಾರೆ ಏನೈತಿ ಅಂತ ಕೇಳ್ತಾರ" ಎಂದು ದಿಂಬಿಗೆ ಮುಖ ಒತ್ತಿದ್ದಳು. ಮೂರನೆಯದೂ ಹೋದರೆ ಈ ಕೆಲಸದ ಆಸೆಯನ್ನೇ ಬಿಡುವೆನೆಂದಿದ್ದಳು.

ಮೂರನೆಯದು ಬೆಳಗಾವಿಯ ಒಂದು ಕಚೇರಿ, ಸಂದರ್ಶನ ಲ್ಯಾಪ್‌ಟಾಪಿನಲ್ಲಿ. ತಯಾರಿಯ ಹೊಣೆ ನಾನು ಹೊತ್ತೆ. ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ‘ನೆಟ್ಟಗೆ ಕೂಡು’, ‘ನಗು’, ‘ತಪ್ಪು ಒಪ್ಪಬೇಡ’ ಎಂದು ದಪ್ಪಗೆ ಬರೆದು, ಲ್ಯಾಪ್‌ಟಾಪಿನ ಹಿಂದೆ ಅವಳಿಗೆ ಮಾತ್ರ ಕಾಣುವಂತೆ ನಿಂತೆ.

ಎಲ್ಲ ನೆಟ್ಟಗೇ ನಡೆದಿತ್ತು. ಆಗ ಪರದೆಯ ಮೇಲಿದ್ದ ಮೂವರಲ್ಲಿ ಒಬ್ಬ ಮೇಡಂ ಕೇಳಿದರು: "ನೀವು ನಕ್ಷೆ ಮಾಡಿ, ಜನ ಬಳಸುತ್ತಿರುವುದು ಏನಾದರೂ ಇದ್ದರೆ ತೋರಿಸಿ."

ಶ್ರೇಯಾ ಹೆಮ್ಮೆಯಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೇ ನಡೆದಳು, ಚೀಟಿಗಳ ಸಮೇತ ನಾನೂ ಹಿಂದೆ. ಅಲ್ಲಿ ತುಕಾರಾಮ ಟೈಲ್ಸಿನ ಸಂದಿಗೆ ಬಿಳಿ ಸಿಮೆಂಟು ತುಂಬುತ್ತಿದ್ದ. ಕಟ್ಟೆಯ ಮುಂದೆ, ನಾನು ತಳ್ಳಲು ಮರೆತ ಮಣೆ.

"ಆ ಮಣೆ ಏಕೆ?" ಎಂದರು ಮೇಡಂ.

ಶ್ರೇಯಾಗೆ ಗೊತ್ತಿರಲಿಲ್ಲ. ತುಕಾರಾಮನಿಗೆ ಗೊತ್ತಿತ್ತು. "ವೈನ್ಯಾರ" ಎಂದು ನನ್ನತ್ತ ಕೈ ತೋರಿಸಿದ, "ಅದರ ಮ್ಯಾಲ ನಿಂತ ರೊಟ್ಟಿ ಬಡಿತಾರ್ರಿ. ಕಟ್ಟಿ ಎತ್ತರ ಆಗೇತಿ. ನಾ ಆವತ್ತ ಹೇಳಾಂವ ಇದ್ದೆ, ಇವರ ಕಣ್ಣ ಮಾಡಿ ಸುಮ್ನಿರ ಅಂದ್ರು."

ನಾನು ಗಾಬರಿಯಲ್ಲಿ ‘ನಗು’ ಚೀಟಿ ಎತ್ತಿ ಹಿಡಿದೆ. ಯಾರೂ ನಗಲಿಲ್ಲ.

ಶ್ರೇಯಾ ಲ್ಯಾಪ್‌ಟಾಪನ್ನು ಫ್ರಿಜ್ಜಿನ ಮೇಲಿಟ್ಟು ತುಕಾರಾಮನ ಟೇಪು ಕಸಿದುಕೊಂಡಳು. "ಮಮ್ಮಿ, ಇಲ್ಲಿ ನಿಂದ್ರ. ಮಣಿ ಮ್ಯಾಲ ಅಲ್ಲ, ನೆಲದ ಮ್ಯಾಲ. ರೊಟ್ಟಿ ಬಡಿ ನೋಡೂಣು."

ಹಿಟ್ಟಿಲ್ಲ, ನೀರಿಲ್ಲ. ಬೆಳಗಾವಿಯ ಮೂವರ ಎದುರಿಗೆ ನಾನು ಇಲ್ಲದ ರೊಟ್ಟಿಯನ್ನು ಪಟಪಟ ಬಡಿದೆ. ಅವಳು ನನ್ನ ಮೊಣಕೈ ಅಳೆದಳು, ಕಟ್ಟೆ ಅಳೆದಳು. ಆಮೇಲೆ ಪರದೆಗೆ ತಿರುಗಿ, "ಮೂರ ಇಂಚ ಹೆಚ್ಚಾಗೇತ್ರಿ. ತಪ್ಪ ನಂದ. ಇಲ್ಲಿ ನಿಲ್ಲಾಕಿ ಯಾರಂತ ನಾ ಕೇಳಲೇ ಇಲ್ಲ" ಎಂದಳು. ಸೊಂಟಕ್ಕೆ ಸಿಕ್ಕಿಸಿದ್ದ ನನ್ನ ‘ತಪ್ಪು ಒಪ್ಪಬೇಡ’ ಚೀಟಿ ಅಲ್ಲೇ ಮುದುಡಿತು.

ಅವಳಿಗೆ ಕೆಲಸ ಸಿಕ್ಕಿತು. ಮೊದಲ ಆರು ತಿಂಗಳು ಕುರ್ಚಿಯಿಲ್ಲ. ಗೌಂಡಿಗಳ ಜೊತೆ ನಿಂತು, ಮನೆ ಕಟ್ಟಿಸುವವರ ಮಾತು ಕೇಳಿ ಬರೆದುಕೊಳ್ಳಬೇಕು. ತುಕಾರಾಮ ನಮ್ಮ ಕಟ್ಟೆಯನ್ನು ಇಳಿಸಿಕೊಟ್ಟ, ಪಾಪ, ಕೈ ಬಿಚ್ಚಿ, ಮೂರರ ಬದಲು ಐದು ಇಂಚು.

ಮೊನ್ನೆ ವಿಡಿಯೋ ಕಾಲಿನಲ್ಲಿ ಮಗಳು ಕೇಳಿದಳು: "ಕಟ್ಟಿ ಬರೋಬ್ಬರಿ ಆತಿಲ್ಲೋ ಮಮ್ಮಿ?"

"ಏಕದಂ ಬರೋಬ್ಬರಿ ಐತಿ."

"ಮತ್ತ ಸೊಂಟಕ್ಕ ಕೈ ಯಾಕ ಕೊಟ್ಟಿ?"

ನಾನು ಕೈ ತೆಗೆದು, ಚೀಟಿಯಲ್ಲಿ ಬರೆದಿದ್ದ ಹಾಗೆಯೇ ನಕ್ಕೆ. ನೆಟ್ಟಗೆ ನಿಲ್ಲುವುದು ಮಾತ್ರ ಆಗಲಿಲ್ಲ.